ಕರ್ನಲ್ ಅಪ್‌ಡೇಟ್ ಮಾಡುವ ಕ್ರಮ: ಪ್ಯಾಕೇಜ್ ಇಳಿದ ಮೇಲೆ ಉಳಿಯುವ ಕೆಲಸ

ಲಿನಕ್ಸ್ ಯಂತ್ರದಲ್ಲಿ ಬ್ರೌಸರನ್ನೋ ಡೇಟಾಬೇಸನ್ನೋ ಅಪ್‌ಡೇಟ್ ಮಾಡಿದರೆ, ಆ ತಂತ್ರಾಂಶವನ್ನು ಮುಚ್ಚಿ ತೆರೆದ ಕೂಡಲೇ ಹೊಸ ಆವೃತ್ತಿ ಬಳಕೆಗೆ ಬರುತ್ತದೆ. ಯಂತ್ರಾಂಶಕ್ಕೂ ತಂತ್ರಾಂಶಗಳಿಗೂ ನಡುವೆ ನಿಲ್ಲುವ, ವ್ಯವಸ್ಥೆಯ ತಿರುಳಾದ ಕರ್ನಲ್ ಹಾಗಲ್ಲ. ಯಂತ್ರ ಚಾಲೂ ಆದಾಗ ಮೆಮೊರಿಗೆ ಏರಿದ ಕರ್ನಲ್ ಮುಂದಿನ ರೀಬೂಟ್‌ವರೆಗೂ ಅದೇ ಆಗಿರುತ್ತದೆ; ಡಿಸ್ಕಿನಲ್ಲಿ ಎಷ್ಟು ಹೊಸ ಕರ್ನಲ್‌ಗಳು ಬಂದು ಕುಳಿತರೂ ಓಡುತ್ತಿರುವ ಕರ್ನಲ್ ಬದಲಾಗುವುದಿಲ್ಲ. ಹೀಗಾಗಿ ತಂತ್ರಾಂಶಗಳನ್ನು ಇಳಿಸಿ ಹಾಕುವ ಪ್ಯಾಕೇಜ್ ಮ್ಯಾನೇಜರ್ ಎಲ್ಲವೂ ಇತ್ತೀಚಿನದೇ ಎಂದು ವರದಿ ಮಾಡುತ್ತಿರುವಾಗಲೇ, ತಿಂಗಳುಗಳ ಹಿಂದೆ ಸರಿಪಡಿಸಲಾದ ಭದ್ರತಾ ಲೋಪವನ್ನು ಹೊತ್ತುಕೊಂಡು ಸರ್ವರ್ ಓಡುತ್ತಿರುವುದು ತೀರ ಸಾಮಾನ್ಯವಾದ ಸ್ಥಿತಿ. ಸರಿಪಡಿಸಿದ ಕರ್ನಲ್ ನಿಜಕ್ಕೂ ಓಡುತ್ತಿದೆ, ಅದರ ಮೇಲೆ ನಮ್ಮ ಕೆಲಸಗಳೂ ಸುಸೂತ್ರವಾಗಿ ನಡೆಯುತ್ತಿವೆ ಎಂಬುದು ಖಚಿತವಾಗುವವರೆಗೆ ಅಪ್‌ಡೇಟ್ ಮುಗಿದಿಲ್ಲ ಎಂದೇ ಭಾವಿಸಿ ಇಲ್ಲಿನ ಹಂತಗಳನ್ನು ಬರೆಯಲಾಗಿದೆ. ಉದಾಹರಣೆಗಳು ಬಹುಮಟ್ಟಿಗೆ ಡೆಬಿಯನ್, ಉಬುಂಟು, ಫೆಡೋರಾ ಮತ್ತು ರೆಡ್ ಹ್ಯಾಟ್ ಕುಟುಂಬದ ಡಿಸ್ಟ್ರಿಬ್ಯೂಷನ್‌ಗಳವು (ಲಿನಕ್ಸ್ ಕರ್ನಲ್ ಜೊತೆ ಇತರ ತಂತ್ರಾಂಶಗಳನ್ನು ಸೇರಿಸಿ ಕೊಡುವ ಸಿದ್ಧ ಕಟ್ಟುಗಳು).

ಯಾವ ಕರ್ನಲ್ ಓಡುತ್ತಿದೆ?

ಮೊದಲ ಕಮಾಂಡ್ ‘ಯುನೇಮ್ -ಆರ್’. ಇದು ಓಡುತ್ತಿರುವ ಕರ್ನಲ್‌ನ ಹೆಸರನ್ನು ತೋರಿಸುತ್ತದೆ. ಆದರೆ ಆ ಹೆಸರನ್ನು ಓದುವಾಗ ಎಚ್ಚರ ಬೇಕು. ಡೆಬಿಯನ್ 12ರಲ್ಲಿ ‘6.1.0-18-ಎಎಂಡಿ64’ ಎಂದು ಕಂಡರೆ ಅದು 6.1.0 ಆವೃತ್ತಿಯಲ್ಲ, ಆ ಹೆಸರಿನೊಳಗಿರುವ ನಿಜವಾದ ಆವೃತ್ತಿ 6.1.76. ನಿಜವಾದ ಆವೃತ್ತಿ ಬೇಕಾದರೆ ‘ಯುನೇಮ್ -ವಿ’ ಎಂದು ಕೇಳಬೇಕು. ಉಬುಂಟುವಿನಲ್ಲಿ ‘/ಪ್ರಾಕ್/ವರ್ಷನ್_ಸಿಗ್ನೇಚರ್’ ಕಡತದ ಕೊನೆಯಲ್ಲಿ ಅದು ಸಿಗುತ್ತದೆ.

ರೆಡ್ ಹ್ಯಾಟ್ ಕುಟುಂಬದಲ್ಲಿ ಈ ಸಂಖ್ಯೆ ಇನ್ನೂ ಹೆಚ್ಚು ದಾರಿತಪ್ಪಿಸುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಕರ್ನಲ್ ಇಂದಿಗೂ 4.18 ಎಂದೇ ಹೇಳಿಕೊಳ್ಳುತ್ತದೆ, 9ರದು 5.14 ಎನ್ನುತ್ತದೆ, ಆದರೆ ಹೊಸ ಕರ್ನಲ್‌ಗಳಲ್ಲಿ ಬಂದ ಅಸಂಖ್ಯ ಪರಿಹಾರಗಳನ್ನು ಆ ಹಳೆಯ ಬುನಾದಿಗೆ ಹಿಂದಕ್ಕೆ ತಂದು ಜೋಡಿಸಲಾಗಿರುತ್ತದೆ. ಇದನ್ನೇ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಆದ್ದರಿಂದ ‘ಈ ಲೋಪ 5.15.25ರಲ್ಲಿ ಸರಿಯಾಯಿತು, ನಮ್ಮದು 5.14, ಹಾಗಾದರೆ ನಾವು ಅಪಾಯದಲ್ಲಿದ್ದೇವೆ’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಆವೃತ್ತಿ ಸಂಖ್ಯೆಯನ್ನಷ್ಟೇ ನೋಡಿ ಕೆಂಪು ಪಟ್ಟಿ ಕೊಡುವ ಸ್ಕ್ಯಾನರ್‌ಗಳ ವರದಿಯನ್ನೂ ಇದೇ ಕಾರಣಕ್ಕೆ ಕಣ್ಣುಮುಚ್ಚಿ ನಂಬಬಾರದು. ‘ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್’ ಎಂದು ಕರ್ನಲ್ ಪ್ಯಾಕೇಜಿನ ಬದಲಾವಣೆಗಳ ದಾಖಲೆಯನ್ನು ತೆರೆದು, ಅದರಲ್ಲಿ ಆ ಲೋಪದ ಸಿವಿಇ ಸಂಖ್ಯೆ (ಭದ್ರತಾ ಲೋಪಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದೆಯೇ ಎಂದು ಹುಡುಕುವುದು ಸರಿಯಾದ ದಾರಿ. ಡೆಬಿಯನ್ ಮತ್ತು ಉಬುಂಟು ಪ್ರತಿಯೊಂದು ಸಿವಿಇಗೂ ತಮ್ಮ ಯಾವ ಪ್ಯಾಕೇಜಿನಲ್ಲಿ ಪರಿಹಾರ ಬಂದಿದೆ ಎಂಬ ಪಟ್ಟಿಯನ್ನು ಪ್ರಕಟಿಸುತ್ತವೆ. ಅಲ್ಲಿಯೂ ಹೋಲಿಸಬೇಕಾದದ್ದು ನಮ್ಮ ಡಿಸ್ಟ್ರಿಬ್ಯೂಷನ್ನಿನ ಪ್ಯಾಕೇಜ್ ಸಂಖ್ಯೆಯನ್ನೇ ಹೊರತು ಮೂಲ ಕರ್ನಲ್‌ನ ಸಂಖ್ಯೆಯನ್ನಲ್ಲ.

ಬೇಕಾದ ಪರಿಹಾರವನ್ನಷ್ಟೇ ಆರಿಸಿಕೊಳ್ಳಬಹುದೇ?

‘ಭದ್ರತೆಗೆ ಸಂಬಂಧಿಸಿದ್ದನ್ನು ಮಾತ್ರ ಹಾಕೋಣ, ಉಳಿದ ಬಗ್ ಫಿಕ್ಸ್‌ಗಳು ನಿಧಾನವಾಗಿ ಬರಲಿ’ ಎಂಬ ವಿಚಾರ ಮೇಲ್ನೋಟಕ್ಕೆ ವಿವೇಕದಂತೆ ಕಾಣುತ್ತದೆ. ಕರ್ನಲ್‌ನ ಮಟ್ಟಿಗೆ ಇದು ನಿಲ್ಲದ ವಿಚಾರ, ಮತ್ತು ಅದಕ್ಕೆ 2022ರಲ್ಲಿ ಬಹಿರಂಗವಾದ ಡರ್ಟಿ ಪೈಪ್ ಎಂಬ ಕರ್ನಲ್ ಲೋಪಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ಆ ಲೋಪ ಬೆಳಕಿಗೆ ಬಂದದ್ದು ಯಾವುದೇ ದಾಳಿಯಿಂದಲ್ಲ. ಸರ್ವರ್ ಒಂದರ ಲಾಗ್ ಕಡತಗಳು ಆಗಾಗ ಕೆಡುತ್ತಿವೆ ಎಂಬ ಗ್ರಾಹಕರ ದೂರಿನ ಬೆನ್ನುಹತ್ತಿದ ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ತಂತ್ರಜ್ಞರು, ಕೊನೆಗೆ ತಪ್ಪು ಕರ್ನಲ್‌ನಲ್ಲೇ ಇದೆ ಎಂದು ಕಂಡುಕೊಂಡರು. ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ದತ್ತಾಂಶ ಸಾಗಿಸುವ ಪೈಪಿನ ಒಂದು ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಫ್ಲ್ಯಾಗ್ ಎಂಬ ಸಣ್ಣ ಜಾಗಕ್ಕೆ ಆರಂಭದ ಬೆಲೆಯನ್ನು ಕೊಡದೆ ಬಿಡಲಾಗಿತ್ತು. ಬಹುಕಾಲ ಅದರಿಂದ ತೊಂದರೆಯಾಗಿರಲಿಲ್ಲ, 5.8ನೇ ಆವೃತ್ತಿಯಲ್ಲಿ ಆದ ಬೇರೊಂದು ಬದಲಾವಣೆಯ ನಂತರ ಅದು, ಯಾವ ವಿಶೇಷ ಅಧಿಕಾರವೂ ಇಲ್ಲದ ಬಳಕೆದಾರನು ತಾನು ಓದಲಷ್ಟೇ ಅನುಮತಿಯಿರುವ ಕಡತದ ವಿಷಯವನ್ನು ಮೆಮೊರಿಯಲ್ಲಿ ಬದಲಿಸಿ, ಆ ಮೂಲಕ ಯಂತ್ರದ ಪೂರ್ಣ ಅಧಿಕಾರವುಳ್ಳ ರೂಟ್ ಬಳಕೆದಾರ ಆಗಬಹುದಾದ ದಾರಿಯಾಯಿತು. 2022ರ ಫೆಬ್ರವರಿ 23ರಂದು 5.16.11, 5.15.25 ಮತ್ತು 5.10.102 ಆವೃತ್ತಿಗಳಲ್ಲಿ ಪರಿಹಾರ ಹೊರಬಂತು. ಆ ಪ್ಯಾಚ್‌ನ (ಕೋಡ್ ತಿದ್ದುಪಡಿಯ) ಶೀರ್ಷಿಕೆ ಹೊಸ ಬಫರಿನ ಫ್ಲ್ಯಾಗ್‌ಗೆ ಆರಂಭದ ಬೆಲೆ ಕೊಡುವುದರ ಬಗ್ಗೆ ಹೇಳಿತ್ತೇ ಹೊರತು, ಇದೊಂದು ಗಂಭೀರ ಲೋಪ ಎಂದು ಸಾರಲಿಲ್ಲ. ಡರ್ಟಿ ಪೈಪ್ ಎಂಬ ಹೆಸರೂ ವಿವರವೂ ಸಾರ್ವಜನಿಕವಾದದ್ದು ಮಾರ್ಚ್ 7ರಂದು. ನಡುವಿನ ದಿನಗಳಲ್ಲಿ ಆ ಸ್ಟೇಬಲ್ ಆವೃತ್ತಿಗಳನ್ನು (ಬಿಡುಗಡೆಯಾದ ಕರ್ನಲ್‌ಗೆ ಪರಿಹಾರಗಳನ್ನು ಸೇರಿಸಿ ಹೊರತರುವ ಆವೃತ್ತಿಗಳನ್ನು) ಇಡಿಯಾಗಿ ಹಾಕಿಕೊಂಡವರು, ಏನನ್ನು ಸರಿಪಡಿಸಿಕೊಂಡೆವು ಎಂದು ತಿಳಿಯದೆಯೇ ಸುರಕ್ಷಿತರಾಗಿದ್ದರು. ‘ಭದ್ರತೆ’ ಎಂಬ ಪದವನ್ನು ಹುಡುಕಿ ಆರಿಸುತ್ತಿದ್ದವರಿಗೆ ಅದು ಸಿಗುವ ಸಾಧ್ಯತೆಯೇ ಇರಲಿಲ್ಲ.

ಸ್ಟೇಬಲ್ ಆವೃತ್ತಿಗಳಿಗೆ ಒಂದು ನಿಯಮವಿದೆ: ಯಾವುದೇ ಪರಿಹಾರ ಮೊದಲು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಮುಖ್ಯ ಕೋಡ್‌ಗೆ ಸೇರಿರಬೇಕು, ಆಮೇಲಷ್ಟೇ ಹಳೆಯ ಶಾಖೆಗಳಿಗೆ ಬರಬೇಕು. 2024ರ ಫೆಬ್ರವರಿಯಿಂದ ಕರ್ನಲ್ ಯೋಜನೆ ತಾನೇ ಸಿವಿಇ ಸಂಖ್ಯೆಗಳನ್ನು ಕೊಡತೊಡಗಿದೆ. ಭದ್ರತೆಗೆ ಸಂಬಂಧವಿರಬಹುದು ಎನ್ನಿಸುವ ಪ್ರತಿ ಪರಿಹಾರಕ್ಕೂ ಸಂಖ್ಯೆ ಸಿಗುವುದರಿಂದ ಅವುಗಳ ಎಣಿಕೆ ವರ್ಷಕ್ಕೆ ಸಾವಿರಗಟ್ಟಲೆಗೆ ಏರಿದೆ. ಒಂದೊಂದನ್ನೂ ಓದಿ, ಇದು ನಮಗೆ ತಟ್ಟುತ್ತದೆಯೇ ಎಂದು ತೀರ್ಮಾನಿಸುವುದು ದೊಡ್ಡ ತಂಡಗಳಿಗೂ ಆಗದ ಕೆಲಸ. ನನ್ನ ದೃಷ್ಟಿಯಲ್ಲಿ ಸಣ್ಣ ತಂಡಗಳಿಗೆ ಇರುವ ಪ್ರಾಮಾಣಿಕ ಆಯ್ಕೆ ಒಂದೇ: ಡಿಸ್ಟ್ರಿಬ್ಯೂಷನ್ ಕೊಡುವ ಕರ್ನಲನ್ನು ಇಡಿಯಾಗಿ, ನಿಯತವಾಗಿ ತೆಗೆದುಕೊಳ್ಳುವುದು.

ಕೈಹಾಕುವ ಮುನ್ನ

ಬ್ಯಾಕಪ್ ಇದೆಯೇ, ಯಂತ್ರ ದೂರದಲ್ಲಿದ್ದರೆ ನೆಟ್‌ವರ್ಕ್ ಇಲ್ಲದೆಯೂ ತಲುಪಬಲ್ಲ ಕನ್ಸೋಲ್ ಇದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ‘/ಬೂಟ್’ ವಿಭಾಗದ ಜಾಗವನ್ನು ‘ಡಿಎಫ್ -ಎಚ್ /ಬೂಟ್’ ಕಮಾಂಡಿನಿಂದ ನೋಡಬೇಕು. ಅದನ್ನು ಪ್ರತ್ಯೇಕ ಪಾರ್ಟಿಷನ್ ಆಗಿ ಇಟ್ಟಿರುವ ಯಂತ್ರಗಳಲ್ಲಿ ಕರ್ನಲ್ ಅಪ್‌ಡೇಟ್ ವಿಫಲವಾಗಲು ಜಾಗದ ಕೊರತೆ ಪದೇಪದೇ ಕಾಣುವ ಕಾರಣ. ಕರ್ನಲ್‌ಗಿಂತ ಅದರ ಜೊತೆ ತಯಾರಾಗುವ, ಬೂಟ್‌ನ ಆರಂಭದಲ್ಲಿ ಬೇಕಾದ ಡ್ರೈವರ್‌ಗಳಿರುವ ಇನಿಟ್‌ರ್ಯಾಮ್‌ಎಫ್‌ಎಸ್ ಕಡತವೇ ಹೆಚ್ಚು ಜಾಗ ತಿನ್ನುತ್ತದೆ, ಮತ್ತು ಅದು ಅರ್ಧಕ್ಕೆ ನಿಂತರೆ ಹೊಸ ಕರ್ನಲ್ ಬೂಟ್ ಆಗಲಾರದು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಆಪ್ಟ್ ಆಟೋರಿಮೂವ್ --ಪರ್ಜ್’ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಓಡುತ್ತಿರುವುದನ್ನು ಅದು ಮುಟ್ಟುವುದಿಲ್ಲ. ಕಡತಗಳನ್ನು ಕೈಯಿಂದ ಅಳಿಸಿ ಜಾಗ ಮಾಡುವುದು ಬೇಡ, ಏಕೆಂದರೆ ಪ್ಯಾಕೇಜ್ ಮ್ಯಾನೇಜರ್‌ನ ಲೆಕ್ಕಕ್ಕೂ ಡಿಸ್ಕಿನ ಸ್ಥಿತಿಗೂ ಹೊಂದಿಕೆ ತಪ್ಪುತ್ತದೆ. ಫೆಡೋರಾ ಮತ್ತು ರೆಡ್ ಹ್ಯಾಟ್ ಕುಟುಂಬದ ಪ್ಯಾಕೇಜ್ ಮ್ಯಾನೇಜರ್ ಆದ ಡಿಎನ್‌ಎಫ್ ಸಾಮಾನ್ಯವಾಗಿ ಮೂರು ಕರ್ನಲ್‌ಗಳನ್ನು ಉಳಿಸಿಕೊಂಡು ಅದಕ್ಕಿಂತ ಹಳೆಯದನ್ನು ತಾನೇ ತೆಗೆಯುತ್ತದೆ.

ಆರ್ಚ್ ಲಿನಕ್ಸ್ ಬಳಸುವವರಿಗೆ ಇಲ್ಲೊಂದು ಪ್ರತ್ಯೇಕ ಮಾತು. ಅಲ್ಲಿ ಹೊಸ ಕರ್ನಲ್ ಹಳೆಯದರ ಜಾಗದಲ್ಲೇ ಬರುವುದರಿಂದ ಓಡುತ್ತಿರುವ ಕರ್ನಲ್‌ನ ಮಾಡ್ಯೂಲ್‌ಗಳು (ಬೇಕಾದಾಗ ಲೋಡ್ ಆಗುವ, ಡ್ರೈವರ್‌ನಂತಹ ಭಾಗಗಳು) ಡಿಸ್ಕಿನಿಂದ ಮಾಯವಾಗುತ್ತವೆ. ಅದುವರೆಗೆ ಲೋಡ್ ಆಗಿರದ ಡ್ರೈವರ್ ಬೇಕಾದರೆ ರೀಬೂಟ್ ಆಗುವವರೆಗೆ ಸಿಗುವುದಿಲ್ಲ. ಹಿಂದಿರುಗಲು ಇನ್ನೊಂದು ಕರ್ನಲ್ ಇರಲಿ ಎಂದು ದೀರ್ಘಕಾಲ ಬೆಂಬಲ ಸಿಗುವ ಕರ್ನಲ್‌ನ ‘ಲಿನಕ್ಸ್-ಎಲ್‌ಟಿಎಸ್’ ಪ್ಯಾಕೇಜನ್ನೂ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕರ್ನಲ್‌ನ ಹೊರಗಿನಿಂದ ಬರುವ ಮಾಡ್ಯೂಲ್‌ಗಳ ಪಟ್ಟಿಯನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್, ಝಡ್‌ಎಫ್‌ಎಸ್ ಕಡತ ವ್ಯವಸ್ಥೆ, ವರ್ಚುವಲ್ ಯಂತ್ರಗಳ ಡ್ರೈವರ್ ಇವೆಲ್ಲ ಸಾಮಾನ್ಯವಾಗಿ ಡಿಕೆಎಂಎಸ್ ಎಂಬ ಸಾಧನದ ಮೂಲಕ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಟ್ಟಲ್ಪಡುತ್ತವೆ. ‘ಡಿಕೆಎಂಎಸ್ ಸ್ಟೇಟಸ್’ ಎಂದರೆ ಯಾವುದು ಯಾವ ಕರ್ನಲ್‌ಗೆ ಸಿದ್ಧವಾಗಿದೆ ಎಂದು ತಿಳಿಯುತ್ತದೆ.

ಇನ್‌ಸ್ಟಾಲ್ ಮಾಡುವಾಗ

ಡೆಬಿಯನ್ ಮತ್ತು ಉಬುಂಟುವಿನಲ್ಲಿ ‘ಆಪ್ಟ್ ಅಪ್‌ಡೇಟ್’, ನಂತರ ‘ಆಪ್ಟ್ ಫುಲ್-ಅಪ್‌ಗ್ರೇಡ್’. ರೆಡ್ ಹ್ಯಾಟ್ ಕುಟುಂಬದಲ್ಲಿ ‘ಡಿಎನ್‌ಎಫ್ ಅಪ್‌ಗ್ರೇಡ್’. ಕಮಾಂಡ್ ಸರಳ, ಆದರೆ ಸದ್ದಿಲ್ಲದೆ ಕೈಕೊಡುವ ಮೂರು ಸಂದರ್ಭಗಳಿವೆ.

ಒಂದು, ಹಳೆಯ ‘ಆಪ್ಟ್-ಗೆಟ್ ಅಪ್‌ಗ್ರೇಡ್’ ಕಮಾಂಡ್ ತಾನಾಗಿ ಹೊಸ ಹೆಸರಿನ ಪ್ಯಾಕೇಜನ್ನು ಸೇರಿಸುವುದಿಲ್ಲ. ಕರ್ನಲ್ ಪ್ಯಾಕೇಜಿನ ಹೆಸರಲ್ಲೇ ಸಂಖ್ಯೆ ಇರುವುದರಿಂದ ಆ ಸಂಖ್ಯೆ ಬದಲಾದಾಗ ಕರ್ನಲ್ ‘ತಡೆಹಿಡಿಯಲಾಗಿದೆ’ ಎಂಬ ಸಾಲಿನಲ್ಲಿ ಉಳಿದುಬಿಡುತ್ತದೆ, ಮತ್ತು ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಇದೇ ಕಮಾಂಡ್ ಇರುತ್ತದೆ. ಎರಡು, ‘ಲಿನಕ್ಸ್-ಇಮೇಜ್-ಎಎಂಡಿ64’ ಎಂಬ ಡೆಬಿಯನ್ ಮೆಟಾಪ್ಯಾಕೇಜನ್ನು (ಸದಾ ಇತ್ತೀಚಿನ ಕರ್ನಲ್ ಪ್ಯಾಕೇಜನ್ನು ಎಳೆದು ತರುವ ಖಾಲಿ ಪ್ಯಾಕೇಜನ್ನು) ಯಾರಾದರೂ ತೆಗೆದುಹಾಕಿದ್ದರೆ ಹೊಸ ಕರ್ನಲ್‌ಗಳು ಬರುವ ದಾರಿಯೇ ಮುಚ್ಚಿರುತ್ತದೆ, ಆದರೆ ಎಲ್ಲಿಯೂ ದೋಷದ ಸೂಚನೆ ಕಾಣುವುದಿಲ್ಲ. ಮೂರು, ಹಿಂದೆಂದೋ ಒಂದು ಡ್ರೈವರ್‌ನ ತೊಂದರೆಗಾಗಿ ಕರ್ನಲ್ ಪ್ಯಾಕೇಜಿನ ಮೇಲೆ ಹೋಲ್ಡ್ ಹಾಕಿ (ಅಪ್‌ಡೇಟ್ ಆಗದಂತೆ ತಡೆದು) ಮರೆತಿರಬಹುದು. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಇದನ್ನು ತೋರಿಸುತ್ತದೆ. ಡಿಎನ್‌ಎಫ್‌ನಲ್ಲಿ ಅದೇ ಕೆಲಸಕ್ಕೆ ‘ವರ್ಷನ್‌ಲಾಕ್ ಲಿಸ್ಟ್’ ಇದೆ. ಹೊಸದಾಗಿ ಕೈಗೆ ಬಂದ ಯಾವುದೇ ಸರ್ವರ್‌ನಲ್ಲಿ ಈ ಮೂರನ್ನೂ ಪರೀಕ್ಷಿಸದೆ ಮುಂದೆ ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್‌ಸ್ಟಾಲ್ ಆಗುತ್ತಿರುವಾಗ ತೆರೆಯ ಮೇಲೆ ಓಡುವ ಸಾಲುಗಳನ್ನು ಓದಬೇಕು. ಡಿಕೆಎಂಎಸ್ ಕಟ್ಟುವಿಕೆ ಮುರಿದುಬಿದ್ದದ್ದು, ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಸಂದೇಶ, ಯಂತ್ರ ಚಾಲೂ ಆಗುವಾಗ ಕರ್ನಲನ್ನು ಆರಿಸಿ ಏರಿಸುವ ಗ್ರಬ್‌ನ ಪಟ್ಟಿ ನವೀಕರಣವಾಗದೇ ಇದ್ದದ್ದು ಇವೆಲ್ಲ ಅಲ್ಲೇ ಕಾಣುತ್ತವೆ. ಸಹಿ ಇರುವ ತಂತ್ರಾಂಶದಿಂದಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲವಾದ್ದರಿಂದ, ಡಿಕೆಎಂಎಸ್ ಯಶಸ್ವಿಯಾಯಿತು ಎಂದ ಮಾತ್ರಕ್ಕೆ ಡ್ರೈವರ್ ಲೋಡ್ ಆಗುತ್ತದೆ ಎನ್ನಲಾಗದು; ಮಾಡ್ಯೂಲ್‌ಗೆ ಸಹಿ ಹಾಕುವ ಕೀಲಿ ಆ ಯಂತ್ರದಲ್ಲಿ ನೋಂದಣಿಯಾಗಿರಬೇಕು.

ರೀಬೂಟ್ ಎಂಬ ನಿಜವಾದ ಹಂತ

ರೀಬೂಟ್ ಬೇಕೆಂದು ತಿಳಿಯಲು ಉಬುಂಟುವಿನಲ್ಲಿ ‘/ವಾರ್/ರನ್/ರೀಬೂಟ್-ರಿಕ್ವೈರ್ಡ್’ ಕಡತ ಇದೆಯೇ ಎಂದು ನೋಡಿದರೆ ಸಾಕು. ರೆಡ್ ಹ್ಯಾಟ್ ಕುಟುಂಬದಲ್ಲಿ ‘ನೀಡ್ಸ್-ರೀಸ್ಟಾರ್ಟಿಂಗ್ -ಆರ್’, ಡೆಬಿಯನ್‌ನಲ್ಲಿ ‘ನೀಡ್‌ರೀಸ್ಟಾರ್ಟ್’ ಎಂಬ ಸಾಧನ ಇವೆ.

ಎಷ್ಟು ಬೇಗ ಮಾಡಬೇಕು? ಇಲ್ಲಿ ಎರಡು ಅಪಾಯಗಳನ್ನು ತೂಗಬೇಕಾಗುತ್ತದೆ. ಪರಿಹಾರವೇ ಹೊಸ ತೊಂದರೆ ತರುವುದೂ ಉಂಟು. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಬಿಡುಗಡೆಯ ಸಮಯದಲ್ಲಿ ಬಂದ 6.1.64-1 ಕರ್ನಲ್‌ನಲ್ಲಿ, ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ದತ್ತಾಂಶವೇ ಕೆಡಬಹುದಾದ ದೋಷ ಕಂಡುಬಂತು. ಒಂದು ಪರಿಹಾರವನ್ನು, ಅದು ಅವಲಂಬಿಸಿದ್ದ ಇನ್ನೊಂದು ಬದಲಾವಣೆಯಿಲ್ಲದೆ ಹಳೆಯ ಶಾಖೆಗೆ ತಂದದ್ದೇ ಕಾರಣ. ಡೆಬಿಯನ್ 12.3ರ ಇನ್‌ಸ್ಟಾಲ್ ಇಮೇಜ್‌ಗಳನ್ನು ತಡೆಹಿಡಿದು, 6.1.66 ಕರ್ನಲ್‌ನೊಂದಿಗೆ 12.4ನ್ನು ತಕ್ಷಣವೇ ಹೊರತಂದರು. ಇಂತಹ ಪ್ರಸಂಗವನ್ನು ತೋರಿಸಿ ತಿಂಗಳುಗಟ್ಟಲೆ ಅಪ್‌ಡೇಟ್ ಮುಂದೂಡುವವರಿದ್ದಾರೆ. ಅದು ತಪ್ಪು ಪಾಠ. ದೋಷ ಕೆಲವೇ ದಿನಗಳಲ್ಲಿ ಪತ್ತೆಯಾಗಿ ಸರಿಯಾಯಿತು ಎಂಬುದೂ ಅದೇ ಪ್ರಸಂಗದ ಭಾಗ. ದಾಳಿಯಲ್ಲಿ ಬಳಕೆಯಾಗುತ್ತಿರುವ ಲೋಪವಾದರೆ, ಅಥವಾ ಪರಿಚಯವಿಲ್ಲದ ಹಲವರು ಲಾಗಿನ್ ಆಗುವ ಯಂತ್ರವಾದರೆ ಅದೇ ದಿನ ರೀಬೂಟ್ ಮಾಡಬೇಕು. ಉಳಿದ ಕಡೆ ಮೊದಲು ಕಡಿಮೆ ಮಹತ್ವದ ಒಂದು ಯಂತ್ರದಲ್ಲಿ ಹೊಸ ಕರ್ನಲನ್ನು ಒಂದೆರಡು ದಿನ ಓಡಿಸಿ, ಒಂದು ವಾರದೊಳಗೆ ಎಲ್ಲವನ್ನೂ ಮುಗಿಸುವುದು ನಾನು ಸೂಚಿಸುವ ಅಳತೆ.

ಕಂಟೇನರ್‌ಗಳನ್ನು (ತಂತ್ರಾಂಶವನ್ನು ಅದಕ್ಕೆ ಬೇಕಾದ ಕಡತಗಳೊಡನೆ ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಗಳನ್ನು) ನಡೆಸುವವರು ಒಂದು ವಿಷಯವನ್ನು ಗಮನಿಸಬೇಕು: ಕಂಟೇನರ್‌ಗೆ ತನ್ನದೇ ಕರ್ನಲ್ ಇಲ್ಲ, ಅದು ಹೋಸ್ಟ್ ಯಂತ್ರದ ಕರ್ನಲನ್ನೇ ಬಳಸುತ್ತದೆ. ಕಂಟೇನರಿನ ಮೂಲ ಕಟ್ಟಾದ ಇಮೇಜನ್ನು ಎಷ್ಟು ಸಲ ಹೊಸದಾಗಿ ಕಟ್ಟಿದರೂ ಕರ್ನಲ್ ಲೋಪ ಹಾಗೆಯೇ ಉಳಿಯುತ್ತದೆ. ಪೂರ್ಣ ವರ್ಚುವಲ್ ಯಂತ್ರಗಳಲ್ಲಾದರೆ ಅತಿಥಿ ಮತ್ತು ಹೋಸ್ಟ್ ಎರಡರ ಕರ್ನಲನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ರೀಬೂಟ್ ಆದ ಬಳಿಕ ಮತ್ತೆ ‘ಯುನೇಮ್’. ಹಳೆಯ ಕರ್ನಲ್ಲೇ ಮೇಲೆದ್ದಿದ್ದರೆ ಗ್ರಬ್‌ನ ಪೂರ್ವನಿಗದಿತ ಆಯ್ಕೆ ಹಳೆಯದಕ್ಕೇ ಕಟ್ಟಿಹಾಕಲ್ಪಟ್ಟಿರಬಹುದು. ನಂತರ ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಎಂದು ಬಿದ್ದುಹೋದ ಸೇವೆಗಳನ್ನೂ, ‘ಜರ್ನಲ್‌ಸಿಟಿಎಲ್ -ಕೆ -ಪಿ ಎರ್ರ್’ ಎಂದು ಕರ್ನಲ್‌ನ ದೋಷ ಸಂದೇಶಗಳನ್ನೂ ನೋಡಬೇಕು. ಇದಕ್ಕೆ ‘-ಬಿ -1’ ಸೇರಿಸಿದರೆ ಹಿಂದಿನ ಬೂಟ್‌ನ ಸಂದೇಶಗಳು ಸಿಗುವುದರಿಂದ, ಯಾವ ದೂರು ಹೊಸದು ಎಂದು ಹೋಲಿಸಬಹುದು. ಆದರೆ ಜರ್ನಲ್ (ಈ ಸಂದೇಶಗಳ ದಾಖಲೆ) ಡಿಸ್ಕಿನಲ್ಲಿ ಉಳಿಯುವಂತೆ ಹೊಂದಿಸಿರಬೇಕು.

ಪ್ರೊಸೆಸರ್‌ಗೆ ಸಂಬಂಧಿಸಿದ ಲೋಪಗಳಿಗೆ ಇನ್ನೊಂದು ಪರೀಕ್ಷೆ ಬೇಕು. 2018ರ ಜನವರಿ 3ರಂದು ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಬಹಿರಂಗವಾದಂದಿನಿಂದ, ಇಂತಹ ಲೋಪಗಳಲ್ಲಿ ಹಲವಕ್ಕೆ ಕರ್ನಲ್ ಒಂದೇ ಸಾಲದೆ ಪ್ರೊಸೆಸರ್‌ನ ಒಳಗೇ ಓಡುವ ಮೈಕ್ರೋಕೋಡ್ ಎಂಬ ಸೂಚನೆಗಳ ಅಪ್‌ಡೇಟ್ ಕೂಡ ಬೇಕಾಗಿದೆ. ‘/ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ವಲ್ನರಬಿಲಿಟೀಸ್’ ಡೈರೆಕ್ಟರಿಯ ಕಡತಗಳು ಒಂದೊಂದು ಲೋಪಕ್ಕೂ ಯಂತ್ರದ ಈಗಿನ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಹೇಳುತ್ತವೆ. ಮೈಕ್ರೋಕೋಡ್ ಇಲ್ಲವೆಂದು ಅಲ್ಲಿ ಕಂಡರೆ ಪ್ರೊಸೆಸರ್ ತಯಾರಕರ ಮೈಕ್ರೋಕೋಡ್ ಪ್ಯಾಕೇಜನ್ನು ಹಾಕಬೇಕು, ಇಲ್ಲವೇ ಯಂತ್ರದ ಫರ್ಮ್‌ವೇರ್ ಅಪ್‌ಡೇಟ್ ಮಾಡಬೇಕು.

ಹೊಸ ಕರ್ನಲ್ ಏಳದಿದ್ದರೆ

ಕನ್ಸೋಲ್ ಮುಂದೆ ಕುಳಿತವರಿಗೆ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಸಿಗುತ್ತದೆ. ಕಷ್ಟವಿರುವುದು ದೂರದ ಯಂತ್ರದಲ್ಲಿ, ಮತ್ತು ಅದಕ್ಕೆ ಮೊದಲೇ ಮಾಡಿಡಬಹುದಾದ ಒಂದು ವ್ಯವಸ್ಥೆ ಹೆಚ್ಚು ಜನರಿಗೆ ತಿಳಿದಿಲ್ಲ. ಡೆಬಿಯನ್ ಮತ್ತು ಉಬುಂಟುವಿನಲ್ಲಾದರೆ ಗ್ರಬ್ ಸಂರಚನೆಯಲ್ಲಿ ‘ಗ್ರಬ್_ಡೀಫಾಲ್ಟ್’ ಬೆಲೆಯನ್ನು ‘ಸೇವ್ಡ್’ ಎಂದು ಬದಲಿಸಿ ‘ಅಪ್‌ಡೇಟ್-ಗ್ರಬ್’ ಓಡಿಸಬೇಕು. ಬಳಿಕ ‘ಗ್ರಬ್-ಸೆಟ್-ಡೀಫಾಲ್ಟ್’ ಮೂಲಕ ಹಳೆಯ, ನಂಬಿಕೆಯ ಕರ್ನಲನ್ನು ಶಾಶ್ವತ ಆಯ್ಕೆಯಾಗಿ ಇಟ್ಟು, ‘ಗ್ರಬ್-ರೀಬೂಟ್’ ಮೂಲಕ ಹೊಸದನ್ನು ಮುಂದಿನ ಒಂದು ಬೂಟ್‌ಗೆ ಮಾತ್ರ ಆರಿಸಬೇಕು. ಕರ್ನಲ್ ಸಾಲಿಗೆ ‘ಪ್ಯಾನಿಕ್=10’ ಸೇರಿಸಿದ್ದರೆ, ಹೊಸ ಕರ್ನಲ್ ಪ್ಯಾನಿಕ್ ಆದ (ಚೇತರಿಸಿಕೊಳ್ಳಲಾಗದ ದೋಷದಿಂದ ನಿಂತ) ಹತ್ತು ಸೆಕೆಂಡಿಗೆ ಯಂತ್ರ ತಾನೇ ರೀಬೂಟ್ ಆಗಿ ಹಳೆಯದಕ್ಕೆ ಮರಳುತ್ತದೆ. ಎಲ್ಲ ಸರಿಯಿದ್ದರೆ ಹೊಸದನ್ನು ಶಾಶ್ವತ ಆಯ್ಕೆಯಾಗಿಸುವುದನ್ನು ಮರೆಯಬಾರದು. ‘/ಬೂಟ್’ ಎಂಬುದು ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಿರ್ವಹಿಸಬಲ್ಲ ವ್ಯವಸ್ಥೆಗಳು) ಮೇಲಿದ್ದರೆ, ಒಂದು ಸಲದ ಆಯ್ಕೆ ಬಳಕೆಯಾಯಿತು ಎಂಬ ಟಿಪ್ಪಣಿಯನ್ನು ಗ್ರಬ್‌ಗೆ ಬರೆಯಲಾಗದು; ಆಗ ಒಂದೇ ಸಲದ ಆಯ್ಕೆ ಎಂಬುದು ಪ್ರತಿ ಸಲದ ಆಯ್ಕೆಯಾಗಿಬಿಡುತ್ತದೆ. ಆದ್ದರಿಂದ ಈ ವ್ಯವಸ್ಥೆಯನ್ನು ಹತ್ತಿರದ ಯಂತ್ರವೊಂದರಲ್ಲಿ ಪರೀಕ್ಷಿಸಿಯೇ ದೂರದ್ದಕ್ಕೆ ಬಳಸಬೇಕು.

ಹಳೆಯ ಕರ್ನಲ್‌ಗೆ ಮರಳಿದ್ದು ತಾತ್ಕಾಲಿಕ. ಹಿಂದೆ ಕೆಲಸ ಮಾಡುತ್ತಿದ್ದುದು ಹೊಸ ಆವೃತ್ತಿಯಲ್ಲಿ ಕೆಡಬಾರದು ಎಂಬುದನ್ನು ಕರ್ನಲ್ ಅಭಿವೃದ್ಧಿಕಾರರು ಗಂಭೀರವಾಗಿ ಪಾಲಿಸುತ್ತಾರೆ. ಆದರೆ ತೊಂದರೆ ಅವರಿಗೆ ತಿಳಿಯಬೇಕು. ಸರಿಯಾಗಿದ್ದ ಕೊನೆಯ ಆವೃತ್ತಿ ಯಾವುದು, ಕೆಟ್ಟ ಮೊದಲ ಆವೃತ್ತಿ ಯಾವುದು ಎಂಬ ಎರಡು ಮಾಹಿತಿಯಿದ್ದರೆ ವರದಿಗೆ ಬೆಲೆ ಬರುತ್ತದೆ. ಮೊದಲು ಡಿಸ್ಟ್ರಿಬ್ಯೂಷನ್ನಿನ ಬಗ್ ವ್ಯವಸ್ಥೆಯಲ್ಲಿ ವರದಿ ಮಾಡಬೇಕು. ಸ್ವತಃ ಕರ್ನಲ್ ಕಟ್ಟಬಲ್ಲವರು ಶಂಕಿತ ಬದಲಾವಣೆಗಳನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುವ ‘ಗಿಟ್ ಬೈಸೆಕ್ಟ್’ ಬಳಸಿ, ಸಾವಿರ ಬದಲಾವಣೆಗಳ ನಡುವಿನ ಅಪರಾಧಿಯನ್ನು ಸುಮಾರು ಹತ್ತು ಪರೀಕ್ಷೆಗಳಲ್ಲಿ ಹಿಡಿಯಬಹುದು. ‘/ಪ್ರಾಕ್/ಸಿಸ್/ಕರ್ನಲ್/ಟೇಂಟೆಡ್’ ಕಡತದಲ್ಲಿ ಸೊನ್ನೆಯ ಬದಲು ಬೇರೆ ಸಂಖ್ಯೆಯಿದ್ದರೆ (ಹೊರಗಿನ ಮಾಡ್ಯೂಲ್‌ನಂಥ ಕಾರಣದಿಂದ ಕರ್ನಲ್ ‘ಕಲುಷಿತ’ ಎಂಬ ಗುರುತು), ಹೊರಗಿನ ಮಾಡ್ಯೂಲ್ ಇಲ್ಲದೆಯೂ ತೊಂದರೆ ಕಾಣುತ್ತದೆಯೇ ಎಂದು ನೋಡಿಯೇ ವರದಿ ಮಾಡಬೇಕು.

ರೀಬೂಟ್‌ಗೆ ಕಾಯಬೇಕಾದಾಗ

ಕೆಲವು ಲೋಪಗಳಿಗೆ ತಾತ್ಕಾಲಿಕ ತಡೆ ಇರುತ್ತದೆ. ಅಧಿಕಾರವಿಲ್ಲದ ಬಳಕೆದಾರರು ಯೂಸರ್ ನೇಮ್‌ಸ್ಪೇಸ್ (ಒಳಗಷ್ಟೇ ರೂಟ್‌ನಂತೆ ವರ್ತಿಸಬಲ್ಲ ಪ್ರತ್ಯೇಕ ವಲಯ) ರಚಿಸುವುದನ್ನು ನಿಲ್ಲಿಸಿದರೆ 2022ರ ಸಿವಿಇ-2022-0185ರಂತಹ ಲೋಪಗಳನ್ನು ಅಂಥ ಬಳಕೆದಾರರು ಬಳಸಿಕೊಳ್ಳುವ ದಾರಿ ಮುಚ್ಚುತ್ತದೆ, ಇದಕ್ಕೆ ‘ಯೂಸರ್.ಮ್ಯಾಕ್ಸ್_ಯೂಸರ್_ನೇಮ್‌ಸ್ಪೇಸಸ್’ ಬೆಲೆಯನ್ನು ಸೊನ್ನೆ ಮಾಡುತ್ತಾರೆ. ರೂಟ್ ಅಧಿಕಾರವಿಲ್ಲದೆ ನಡೆಸುವ ಕಂಟೇನರ್‌ಗಳೂ ಕೆಲವು ಬ್ರೌಸರ್‌ಗಳ ರಕ್ಷಣಾ ಕವಚವೂ ಇದನ್ನೇ ಅವಲಂಬಿಸಿರುವುದರಿಂದ ಎಲ್ಲೆಡೆ ಹಾಕುವಂತಿಲ್ಲ. ಬಳಸದ ಮಾಡ್ಯೂಲ್‌ನಲ್ಲಿ ಲೋಪವಿದ್ದರೆ ಅದು ಲೋಡ್ ಆಗದಂತೆ ತಡೆಯಬಹುದು. ಡರ್ಟಿ ಪೈಪ್‌ನಂಥವಕ್ಕೆ ಇಂತಹ ಯಾವ ತಡೆಯೂ ಒದಗಲಿಲ್ಲ.

ಲೈವ್ ಪ್ಯಾಚಿಂಗ್, ಅಂದರೆ ರೀಬೂಟ್ ಇಲ್ಲದೆಯೇ ಓಡುತ್ತಿರುವ ಕರ್ನಲನ್ನು ತಿದ್ದುವುದು, ಇನ್ನೊಂದು ದಾರಿ. 2008ರಲ್ಲಿ ಕೆಸ್ಪ್ಲೈಸ್‌ನಿಂದ ಆರಂಭವಾದ ಈ ವಿಚಾರ, 2014ರಲ್ಲಿ ರೆಡ್ ಹ್ಯಾಟ್‌ನ ಕೆಪ್ಯಾಚ್ ಮತ್ತು ಸೂಸೆಯ ಕೆಗ್ರಾಫ್ಟ್‌ಗಳಾಗಿ ಬೆಳೆದು, 2015ರ 4.0 ಆವೃತ್ತಿಯಲ್ಲಿ ಕರ್ನಲ್‌ಗೇ ಸೇರಿತು. ಓಡುತ್ತಿರುವ ಕರ್ನಲ್‌ನಲ್ಲಿ ದೋಷವಿರುವ ಫಂಕ್ಷನ್‌ಗೆ ಬಂದ ಕರೆಯನ್ನು ಸರಿಪಡಿಸಿದ ಫಂಕ್ಷನ್‌ಗೆ ತಿರುಗಿಸುವುದು ಇದರ ಒಳಗುಟ್ಟು. ದತ್ತಾಂಶದ ರಚನೆಯೇ ಬದಲಾಗಬೇಕಾದ ಪರಿಹಾರಗಳನ್ನು ಹೀಗೆ ಕೊಡುವುದು ಕಷ್ಟ. ಆಯ್ದ ಗಂಭೀರ ಲೋಪಗಳಿಗಷ್ಟೇ ಲೈವ್ ಪ್ಯಾಚ್ ಬರುತ್ತದೆ. ಇದನ್ನು ರೀಬೂಟ್‌ಗೆ ಸಿಕ್ಕ ಕಾಲಾವಕಾಶ ಎಂದು ಬಗೆಯಬೇಕೇ ಹೊರತು ರೀಬೂಟ್‌ನಿಂದ ಬಿಡುಗಡೆ ಎಂದಲ್ಲ. ಲೈವ್ ಪ್ಯಾಚ್ ಸೇರಿದ ಮೇಲೂ ‘ಯುನೇಮ್’ ಹಳೆಯ ಹೆಸರನ್ನೇ ಹೇಳುತ್ತದೆ. ಸೇರಿರುವ ಪ್ಯಾಚ್‌ಗಳು ‘/ಸಿಸ್/ಕರ್ನಲ್/ಲೈವ್‌ಪ್ಯಾಚ್’ ಡೈರೆಕ್ಟರಿಯಲ್ಲಿ ಕಾಣುತ್ತವೆ.

ತಾನಾಗಿ ನಡೆಯುವಂತೆ ಮಾಡುವುದು

ಡೆಬಿಯನ್ ಮತ್ತು ಉಬುಂಟುವಿನ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಭದ್ರತಾ ಅಪ್‌ಡೇಟ್‌ಗಳನ್ನು ತಾನೇ ಇಳಿಸಿ ಹಾಕುತ್ತದೆ, ಆದರೆ ಅದರ ‘ಆಟೋಮ್ಯಾಟಿಕ್-ರೀಬೂಟ್’ ಆಯ್ಕೆ ಮೂಲದಲ್ಲಿ ಆಫ್ ಆಗಿಯೇ ಇರುತ್ತದೆ. ‘ಡಿಎನ್‌ಎಫ್-ಆಟೋಮ್ಯಾಟಿಕ್’ ಕೂಡ ಕೇಳದೆ ರೀಬೂಟ್ ಮಾಡುವುದಿಲ್ಲ. ಈ ಸಾಧನಗಳನ್ನು ಚಾಲೂ ಮಾಡಿ ನಿಶ್ಚಿಂತರಾದವರ ಯಂತ್ರಗಳಲ್ಲೇ ಹೊಸ ಕರ್ನಲ್‌ಗಳು ಡಿಸ್ಕಿನಲ್ಲಿ ಸಾಲಾಗಿ ಕುಳಿತು, ಓಡುವುದು ಮಾತ್ರ ಹಳೆಯದೇ ಆಗಿರುತ್ತದೆ. ಒಂದಕ್ಕೊಂದು ಬದಲಿಯಾಗಿ ನಿಲ್ಲಬಲ್ಲ ಸರ್ವರ್‌ಗಳಲ್ಲಿ ಆ ಆಯ್ಕೆಯನ್ನು ಆನ್ ಮಾಡಿ, ಪ್ರತಿಯೊಂದಕ್ಕೂ ಬೇರೆಬೇರೆ ‘ಆಟೋಮ್ಯಾಟಿಕ್-ರೀಬೂಟ್-ಟೈಮ್’ ಕೊಡಬಹುದು. ಬದಲಿ ಇಲ್ಲದ ಯಂತ್ರಗಳಲ್ಲಿ ರೀಬೂಟ್‌ಗೆ ಒಂದು ನಿಗದಿತ ದಿನವನ್ನೂ ಅದಕ್ಕೆ ಹೊಣೆಯಾದ ಒಬ್ಬರನ್ನೂ ಗೊತ್ತುಮಾಡಬೇಕು. ಎರಡೂ ಬಗೆಯ ಯಂತ್ರಗಳಲ್ಲಿ, ಓಡುತ್ತಿರುವ ಕರ್ನಲ್‌ನ ಹೆಸರು, ಇನ್‌ಸ್ಟಾಲ್ ಆದ ಕರ್ನಲ್‌ಗಳಲ್ಲಿ ಅತ್ಯಂತ ಹೊಸದರ ಹೆಸರು ಮತ್ತು ಕೊನೆಯ ರೀಬೂಟ್‌ನ ದಿನಾಂಕ ಈ ಮೂರನ್ನು ದಿನಕ್ಕೊಮ್ಮೆ ಸಂಗ್ರಹಿಸಿ ಒಂದೆಡೆ ಕಳುಹಿಸುವ ಪುಟ್ಟ ಸ್ಕ್ರಿಪ್ಟ್ ಇರಲಿ. ಮೊದಲ ಎರಡು ಹೆಸರುಗಳು ಒಂದು ವಾರಕ್ಕಿಂತ ಹೆಚ್ಚು ಕಾಲ ಬೇರೆಬೇರೆಯಾಗಿದ್ದರೆ ಅದು ಎಚ್ಚರಿಕೆ ಕೊಡುವಂತಿರಬೇಕು.